ಲಾಯದಲ್ಲಿ ಹರಡಿದ ಕಡಲೆ: ಹುಟ್ಟಿನ ಸವಲತ್ತಿನ ಚರ್ಚೆ ಮತ್ತು ನಮ್ಮ ಸಾಂಗಲಿ–ಮಿರಜ ಸೀಮೆ

ಕೃಷ್ಣೆಯ ದಡದ ಸಾಂಗಲಿ ಮತ್ತು ಅದರ ಮಗ್ಗುಲಿನ ಮಿರಜ, ಈ ಎರಡು ಊರುಗಳ ಇತಿಹಾಸವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಗಣಪತಿ ಮಂದಿರ, ಅರಿಶಿನದ ಪೇಟೆ, ಮೀರಾಸಾಹೇಬರ ದರ್ಗಾ, ತಂಬೂರಿ-ಸಿತಾರುಗಳ ಕುಶಲಕರ್ಮಿಗಳು, ಅಬ್ದುಲ್ ಕರೀಮ್ ಖಾನರ ಗಾಯನ ಇವುಗಳನ್ನು ನೆನೆಯುತ್ತೇವೆ. ಅದು ಯೋಗ್ಯವೇ. ಆದರೆ ಇದೇ ನೆಲಕ್ಕೆ ಸೇರಿದ ಇನ್ನೊಂದು ನೆನಪಿದೆ. ಇಂದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ಪತ್ರಿಕೆಗಳಲ್ಲಿ, ದೂರದರ್ಶನದ ಚರ್ಚೆಗಳಲ್ಲಿ ‘ಬಿಳಿಯರ ಸವಲತ್ತು’ ಎಂಬ ಹೆಸರಿನಿಂದ ನಡೆಯುತ್ತಿರುವ ವಾದವು, ಬೇರೆ ಹೆಸರಿನಿಂದ, ನೂರು ವರ್ಷಗಳ ಹಿಂದೆಯೇ ಈ ಸೀಮೆಯಲ್ಲಿ ನಡೆದಿತ್ತು. ಆ ವಾದದಲ್ಲಿ ಒಂದು ಪಕ್ಷದ ಮಾತನ್ನು ಆಡಿದವರು ಸಾಂಗಲಿಯ ಒಬ್ಬ ವಕೀಲರು. ಉತ್ತರ ಕೊಟ್ಟವರು ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು. ಆ ಪ್ರಸಂಗವನ್ನು ಮುಂದಿಟ್ಟುಕೊಂಡು, ಗಡಿಭಾಗದ ಕನ್ನಡಿಗರಾದ ನಾವು ಈ ಚರ್ಚೆಯಿಂದ ಕಲಿಯಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಮೆರಿಕದ ಪೆಗಿ ಮೆಕಿಂಟಾಷ್ ಎಂಬ ಪ್ರಾಧ್ಯಾಪಕಿ 1988ರಲ್ಲಿ ಬರೆದ ಒಂದು ಪ್ರಬಂಧದಿಂದ ಈ ಪದವು ಹೆಚ್ಚು ಪ್ರಚಾರಕ್ಕೆ ಬಂದಿತು. ತಾನು ಯಾರಿಗೂ ಕೇಡು ಬಗೆಯದಿದ್ದರೂ, ಬಿಳಿಯಳಾಗಿ ಹುಟ್ಟಿದ ಒಂದೇ ಕಾರಣದಿಂದ ದಿನನಿತ್ಯದ ಬದುಕಿನಲ್ಲಿ ತನಗೆ ದೊರೆಯುವ ಸಣ್ಣ ಸಣ್ಣ ಅನುಕೂಲಗಳನ್ನು ಆಕೆ ಪಟ್ಟಿಮಾಡಿದಳು. ಅಂಗಡಿಯಲ್ಲಿ ತನ್ನನ್ನು ಯಾರೂ ಸಂಶಯದಿಂದ ಹಿಂಬಾಲಿಸುವುದಿಲ್ಲ, ಪತ್ರಿಕೆ ತೆರೆದರೆ ತನ್ನ ಬಣ್ಣದವರ ಮುಖಗಳೇ ಕಾಣುತ್ತವೆ ಎಂಬಂಥ ಮಾತುಗಳವು. ಈ ವಿಚಾರಕ್ಕೆ ಅದಕ್ಕಿಂತ ಹಳೆಯ ಬೇರೂ ಉಂಟು. ಕರಿಯ ಜನಾಂಗದ ಮಹಾವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರು 1935ರಲ್ಲಿಯೇ, ಬಡ ಬಿಳಿಯ ಕೂಲಿಕಾರನಿಗೆ ಕೈಗೆ ಬರುವ ಕೂಲಿ ಕಡಿಮೆಯಿದ್ದರೂ ಬಿಳಿಯನೆಂಬ ಮರ್ಯಾದೆಯ ರೂಪದಲ್ಲಿ ಇನ್ನೊಂದು ಕೂಲಿ ಸಿಗುತ್ತದೆ ಎಂದು ತೋರಿಸಿದ್ದರು. ಎಂದರೆ, ಸವಲತ್ತು ಎಂಬುದು ಸಿರಿತನವಲ್ಲ, ಕ್ರೌರ್ಯವೂ ಅಲ್ಲ. ಅದು ಹುಟ್ಟಿನೊಂದಿಗೆ ಬಂದು, ಉಳ್ಳವನ ಕಣ್ಣಿಗೆ ಕಾಣದೆ, ಇಲ್ಲದವನ ಕಣ್ಣಿಗೆ ಮಾತ್ರ ಕಾಣುವ ಒಂದು ಅನುಕೂಲ.

ಈ ನುಡಿಯನ್ನು ವಿರೋಧಿಸುವವರ ಮಾತೂ ತೀರ ತಿರಸ್ಕರಿಸತಕ್ಕದ್ದಲ್ಲ. ಗಣಿಯಲ್ಲಿ ದುಡಿದು ಸತ್ತ ಬಿಳಿಯನ ಮಗನಿಗೆ ಯಾವ ಸವಲತ್ತು, ತಾತಂದಿರು ಮಾಡಿದ ತಪ್ಪಿಗೆ ಮೊಮ್ಮಕ್ಕಳು ಏಕೆ ತಲೆ ತಗ್ಗಿಸಬೇಕು, ಯೋಗ್ಯತೆಯನ್ನು ಬಿಟ್ಟು ಬಣ್ಣವನ್ನು ನೋಡುವುದಾದರೆ ಅದೂ ಭೇದಭಾವವೇ ಅಲ್ಲವೇ ಎಂದು ಅವರು ಕೇಳುತ್ತಾರೆ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಅಸುನೀಗಿದ ಮೇಲೆ ಈ ವಾದ-ಪ್ರತಿವಾದ ತಾರಕಕ್ಕೇರಿತು. ನಮ್ಮ ಕಿವಿಗೆ ಈ ಪ್ರಶ್ನೆಗಳು ಹೊಸವಲ್ಲ. ಇವನ್ನೇ ನಮ್ಮ ಅಜ್ಜಂದಿರು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಕೇಳಿದ್ದರು.

ನಮ್ಮ ದೇಶದಲ್ಲಿ ಬಿಳಿಯರ ಸವಲತ್ತು ಕೇವಲ ಮನೋಭಾವವಾಗಿರಲಿಲ್ಲ, ಕಾನೂನಿನ ಪುಸ್ತಕದಲ್ಲಿಯೇ ಅಚ್ಚಾಗಿತ್ತು. ಜಿಲ್ಲಾ ಪ್ರದೇಶಗಳಲ್ಲಿ ಯುರೋಪಿಯನ್ ಆರೋಪಿಯನ್ನು ವಿಚಾರಿಸುವ ಅಧಿಕಾರ ಭಾರತೀಯ ನ್ಯಾಯಾಧೀಶನಿಗೆ ಇರಲಿಲ್ಲ. 1883ರಲ್ಲಿ ಇಲ್ಬರ್ಟ್ ಮಸೂದೆಯು ಈ ಭೇದವನ್ನು ತೊಡೆಯಲು ಹೊರಟಾಗ, ಇಲ್ಲಿನ ಆಂಗ್ಲರು ಸಭೆಗಳನ್ನು ಕೂಡಿಸಿದರು. ಅವರ ಪತ್ರಿಕೆಗಳು ಕೆಂಡ ಕಾರಿದವು. ಕೊನೆಗೆ 1884ರಲ್ಲಿ ಆದ ಕಾಯಿದೆಯಲ್ಲಿ, ಯುರೋಪಿಯನ್ ಆರೋಪಿಯು ಕೇಳಿಕೊಂಡರೆ ಕನಿಷ್ಠ ಅರ್ಧದಷ್ಟು ಯುರೋಪಿಯನ್ನರು ಇಲ್ಲವೆ ಅಮೆರಿಕನ್ನರು ಇರುವ ಪಂಚರ ಮುಂದೆ ವಿಚಾರಣೆ ನಡೆಯಬೇಕೆಂಬ ಹಕ್ಕನ್ನು ಉಳಿಸಲಾಯಿತು. ಈ ಭೇದ ಬಹುಮಟ್ಟಿಗೆ ತಗ್ಗಿದ್ದು 1923ರ ತಿದ್ದುಪಡಿಯಿಂದ. ಅಮೆರಿಕನ್ನನೆಂಬ ಮಾತು ನಮ್ಮ ಕಾಯಿದೆಯಲ್ಲಿ ಹೇಗೆ ಬಂದಿತು ಎಂದು ಯೋಚಿಸಿದರೆ ಸಾಕು: ಅಲ್ಲಿ ನೋಡಿದ್ದು ರಾಜ್ಯವನ್ನಲ್ಲ, ಬಣ್ಣವನ್ನು.

ಈ ಕಾಯಿದೆಯಾದ ಐದು ವರ್ಷಗಳ ನಂತರ, 1889ರಲ್ಲಿ, ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ತರುಣ ವೈದ್ಯರು ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವತಿಯಿಂದ ಸಾಂಗಲಿಗೆ ಬಂದರು. 1894ರಲ್ಲಿ ಮಿರಜದಲ್ಲಿ ಅವರ ಆಸ್ಪತ್ರೆ ತೆರೆಯಿತು. ಮಿರಜವನ್ನು ವೈದ್ಯಕೀಯ ಕ್ಷೇತ್ರವನ್ನಾಗಿ ಮಾಡಿದ್ದು ಆ ಆಸ್ಪತ್ರೆಯೇ. ಇಂದಿಗೂ ವಿಜಾಪುರ, ಬೆಳಗಾವಿ, ಬಾಗಲಕೋಟೆ ಕಡೆಯ ಕನ್ನಡಿಗರು ಬೇನೆ ಬಂದಾಗ ಮಿರಜದ ದಾರಿ ಹಿಡಿಯುತ್ತಾರೆ. ವಾನ್ಲೆಸ್ಸರಿಗೆ 1928ರಲ್ಲಿ ‘ಸರ್’ ಪದವಿ ದೊರೆಯಿತು. ಅವರ ಸೇವೆಯನ್ನು ಈ ಸೀಮೆ ಮರೆತಿಲ್ಲ. ವಾನ್ಲೆಸವಾಡಿಯ ಹೆಸರೇ ಅದಕ್ಕೆ ಸಾಕ್ಷಿ. ಆದರೆ ವ್ಯಕ್ತಿಯ ಒಳ್ಳೆಯತನ ಬೇರೆ, ಅವನು ನಿಂತ ಸ್ಥಾನ ಬೇರೆ. ರೋಗಿಯ ಹುಣ್ಣನ್ನು ತೊಳೆದ ಕೈಗೆ ನಮಸ್ಕರಿಸುತ್ತಲೇ, ಆ ಕೈಯ ಬಣ್ಣಕ್ಕೆ ಕಾನೂನು ಕೊಟ್ಟಿದ್ದ ರಕ್ಷಣೆ ರೋಗಿಯ ಕೈಗೆ ಇರಲಿಲ್ಲ ಎಂಬುದನ್ನೂ ಇತಿಹಾಸಕಾರನು ಬರೆಯಬೇಕಾಗುತ್ತದೆ. ಸವಲತ್ತಿನ ಚರ್ಚೆಯಲ್ಲಿ ಮೊದಲು ಕಲಿಯಬೇಕಾದ ವಿವೇಕ ಇದೇ.

ಇನ್ನು ನಮ್ಮದೇ ಮನೆಯ ಸವಲತ್ತಿನ ಮಾತು. ಬಿಳಿಯರ ಅಹಂಕಾರವನ್ನು ಕಂಡು ನೊಂದ ಇದೇ ಸಮಾಜ, ಜಾತಿಯ ಹೆಸರಿನಲ್ಲಿ ತನ್ನವರನ್ನೇ ಹೇಗೆ ಕಂಡಿತು? ಈ ಎರಡನ್ನೂ ಜೋಡಿಸಿ ನೋಡಿದವರಲ್ಲಿ ಜ್ಯೋತಿಬಾ ಫುಲೆ ಮೊದಲಿಗರು. 1873ರಲ್ಲಿ ಪ್ರಕಟವಾದ ತಮ್ಮ ‘ಗುಲಾಮಗಿರಿ’ ಗ್ರಂಥವನ್ನು ಅವರು ಅರ್ಪಿಸಿದ್ದು ಕರಿಯರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಸಜ್ಜನರಿಗೆ. ಪುಣೆಯಲ್ಲಿ ಕುಳಿತ ಒಬ್ಬ ಮಾಳಿ ಸಮಾಜದ ಶಿಕ್ಷಕನಿಗೆ, ಸಾಗರದಾಚೆಯ ಕರಿಯ ಗುಲಾಮನಲ್ಲಿ ತನ್ನ ಊರಿನ ಶೂದ್ರ-ಅತಿಶೂದ್ರರ ಮುಖ ಕಂಡಿತ್ತು.

ಆ ದೃಷ್ಟಿಯನ್ನು ಆಡಳಿತಕ್ಕೆ ತಂದವರು ಶಾಹೂ ಮಹಾರಾಜರು. 1894ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಕೊಲ್ಲಾಪುರ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60ರಲ್ಲಿ ಬ್ರಾಹ್ಮಣರಿದ್ದರು. 500 ಕಾರಕೂನರಲ್ಲಿ ಇತರರು 10 ಮಂದಿ ಮಾತ್ರ. 1899ರಲ್ಲಿ ಪಂಚಗಂಗೆಯ ಸ್ನಾನದ ವೇಳೆ ಪುರೋಹಿತರು ರಾಜನಿಗೂ ವೇದಮಂತ್ರದ ಅಧಿಕಾರವಿಲ್ಲವೆಂದು ಪುರಾಣೋಕ್ತ ಮಂತ್ರಗಳನ್ನೇ ಹೇಳುತ್ತಿರುವುದು ಬೆಳಕಿಗೆ ಬಂದು ವೇದೋಕ್ತ ಪ್ರಕರಣ ಹುಟ್ಟಿಕೊಂಡಿತು. ಸಿಂಹಾಸನದ ಮೇಲೆ ಕುಳಿತವನಿಗೂ ಹುಟ್ಟಿನ ಮೆಟ್ಟಿಲು ಅಡ್ಡ ಬಂದರೆ, ಹೊಲದಲ್ಲಿ ನಿಂತವನ ಗತಿಯೇನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1902ರ ಜುಲೈ 26ರಂದು, ತಾವು ಇಂಗ್ಲೆಂಡಿನಲ್ಲಿದ್ದಾಗಲೇ, ಅವರು ಹೊರಡಿಸಿದ ಆಜ್ಞೆಯಲ್ಲಿ ಸಂಸ್ಥಾನದ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಡಲಾಯಿತು. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮತ್ತು ಇತರ ಮುಂದುವರಿದ ವರ್ಗಗಳನ್ನು ಬಿಟ್ಟು ಉಳಿದವರೆಲ್ಲರೂ ಹಿಂದುಳಿದವರೆಂದು ಆಜ್ಞೆಯು ವಿವರಿಸಿತು.

ಕೊಲ್ಲಾಪುರದ ಸುತ್ತಲೂ ಪಟವರ್ಧನ ಮನೆತನದ ಬ್ರಾಹ್ಮಣ ಸಂಸ್ಥಾನಗಳಿದ್ದವು: ಸಾಂಗಲಿ, ಹಿರಿಯ ಮತ್ತು ಕಿರಿಯ ಮಿರಜ, ಕುರುಂದವಾಡ, ಜಮಖಂಡಿ. ಇವು ಮರಾಠಿ ಸಂಸ್ಥಾನಗಳಷ್ಟೇ ಆಗಿರಲಿಲ್ಲ ಎಂಬುದನ್ನು ಕನ್ನಡಿಗರು ನೆನೆಯಬೇಕು. ಶಿರಹಟ್ಟಿ, ತೇರದಾಳ, ಶಹಾಪುರಗಳು ಸಾಂಗಲಿಗೆ ಸೇರಿದ್ದವು. ಲಕ್ಷ್ಮೇಶ್ವರವು ಹಿರಿಯ ಮಿರಜಕ್ಕೆ ಸೇರಿತ್ತು. ಆ ಊರುಗಳ ರೈತ ಕನ್ನಡದಲ್ಲಿ ಅಳುತ್ತಿದ್ದ; ಅವನ ಅರ್ಜಿಯನ್ನು ಮೋಡಿ ಅಕ್ಷರದಲ್ಲಿ ಬರೆಯುವವನು ಬೇರೆ ಜಾತಿಯವನು, ತೀರ್ಪು ಕೊಡುವವನು ಬೇರೆ ಭಾಷೆಯವನು. ಅವನ ಮತ್ತು ಸರಕಾರದ ನಡುವೆ ಎರಡು ಗೋಡೆಗಳಿದ್ದವು. ಗೋಡೆಯ ಒಳಗಿದ್ದವರಿಗೆ ಅದು ಗೋಡೆಯೆಂದು ಅನಿಸುತ್ತಿರಲಿಲ್ಲ, ಮನೆಯೆಂದು ಅನಿಸುತ್ತಿತ್ತು.

ಇಂಥ ಕಾಲದಲ್ಲಿ ಸಾಂಗಲಿಯ ವಕೀಲ ಗಣಪತರಾವ್ ಅಭ್ಯಂಕರರು ಶಾಹೂ ಮಹಾರಾಜರನ್ನು ಕಂಡರು. ಜಾತಿಯನ್ನು ನೋಡಿ ವಿದ್ಯಾರ್ಥಿವೇತನ, ನೌಕರಿ ಕೊಡುವುದು ಸರಿಯಲ್ಲ, ಯೋಗ್ಯತೆಯನ್ನೇ ನೋಡಬೇಕು ಎಂಬುದು ಅವರ ವಾದ. ಮಹಾರಾಜರು ಮಾತಿನಿಂದ ಉತ್ತರ ಕೊಡದೆ ಅವರನ್ನು ಕುದುರೆ ಲಾಯಕ್ಕೆ ಕರೆದೊಯ್ದರೆಂದು ಈ ಭಾಗದಲ್ಲಿ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಅಲ್ಲಿ ಪ್ರತಿಯೊಂದು ಕುದುರೆಗೂ ಅದರ ಮುಂದೆಯೇ ಬೇರೆ ಬೇರೆಯಾಗಿ ಕಡಲೆ ಇಡಲಾಗಿತ್ತು. ಮಹಾರಾಜರು ಅದನ್ನೆಲ್ಲ ಒಂದೇ ಹಾಸಿನ ಮೇಲೆ ಸುರಿಸಿ, ಎಲ್ಲ ಕುದುರೆಗಳನ್ನೂ ಒಟ್ಟಿಗೆ ಬಿಡಿಸಿದರು. ದಷ್ಟಪುಷ್ಟ ಕುದುರೆಗಳು ಒದೆಯುತ್ತ, ನೂಕುತ್ತ ಮುಂದೆ ನುಗ್ಗಿ ತಿಂದವು. ಮುದಿ ಕುದುರೆ, ರೋಗದ ಕುದುರೆ, ಎಳೆಯ ಮರಿಗಳು ಹಿಂದೆ ನಿಂತು ನೋಡಿದವು. ಹೀಗಾಗಬಾರದೆಂದೇ ಬಡ ಕುದುರೆಯ ಪಾಲನ್ನು ಬೇರೆ ಇಡಬೇಕಾಗುತ್ತದೆ ಎಂಬುದು ಮಹಾರಾಜರ ಉತ್ತರದ ತಾತ್ಪರ್ಯ.

ಕಥೆಯ ವಿವರಗಳು ಹೇಳುವವರ ಬಾಯಲ್ಲಿ ಹೆಚ್ಚುಕಡಿಮೆಯಾಗಿರಬಹುದು; ಅದರಲ್ಲಿನ ಇಬ್ಬರ ನಿಲುವುಗಳು ಮಾತ್ರ ನಿಜ. ಇಲ್ಲಿ ಅಭ್ಯಂಕರರನ್ನು ಖಳನಾಯಕರನ್ನಾಗಿ ಚಿತ್ರಿಸುವುದು ಅನ್ಯಾಯವಾದೀತು. ಅವರು ಮುಂದೆ ದೇಶೀಯ ಸಂಸ್ಥಾನಗಳ ಪ್ರಜೆಗಳ ಹಕ್ಕಿಗಾಗಿ, ರಾಜರ ನಿರಂಕುಶ ಅಧಿಕಾರದ ವಿರುದ್ಧ ದುಡಿದ ಮುಂದಾಳುಗಳಲ್ಲಿ ಒಬ್ಬರು. ರಾಜನ ಹುಟ್ಟಿನ ಅಧಿಕಾರವನ್ನು ಅಷ್ಟು ನಿಚ್ಚಳವಾಗಿ ಕಂಡ ಕಣ್ಣಿಗೆ, ತನ್ನ ಜಾತಿಯ ಹುಟ್ಟಿನ ಅನುಕೂಲ ‘ಯೋಗ್ಯತೆ’ಯಾಗಿ ಕಂಡಿತು. ಇದು ಒಬ್ಬ ವ್ಯಕ್ತಿಯ ದೋಷವಲ್ಲ. ತನಗಿಂತ ಮೇಲಿನ ಮೆಟ್ಟಿಲನ್ನು ನೋಡುವುದು ಸುಲಭ. ತಾನು ನಿಂತ ಮೆಟ್ಟಿಲು ಕಾಲಡಿಯಲ್ಲಿರುವುದರಿಂದ ಕಾಣುವುದಿಲ್ಲ.

ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ, ಮೈಸೂರಿನಲ್ಲಿ, ಇದೇ ವಾದ ಇನ್ನೂ ಗಂಭೀರವಾಗಿ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ವರ್ಗಗಳಿಗೆ ದೊರೆಯಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಪದವಿ ತ್ಯಜಿಸಿದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಮುಖ್ಯ ಕಾರಣ. ನಾಡನ್ನು ಕಟ್ಟಿದ ಪ್ರಾಮಾಣಿಕನೂ, ನಾಡಿನ ಬಹುಜನರ ಬೇಡಿಕೆಯೂ ಎದುರುಬದುರಾದ ಆ ಗಳಿಗೆ ನಮ್ಮ ಇತಿಹಾಸದ ದುಃಖದ ಗಳಿಗೆಗಳಲ್ಲೊಂದು. ಮುಂಬಯಿ ಕರ್ನಾಟಕದಲ್ಲಿಯೂ ಈ ಅಲೆ ಎದ್ದಿತು. 1920ರ ಜುಲೈಯಲ್ಲಿ ಹುಬ್ಬಳ್ಳಿಯಲ್ಲಿ ಕೂಡಿದ ಕರ್ನಾಟಕ ಬ್ರಾಹ್ಮಣೇತರ ಪರಿಷತ್ತಿಗೆ ಶಾಹೂ ಮಹಾರಾಜರೇ ಅಧ್ಯಕ್ಷರಾಗಿದ್ದರು. ಕುರುಂದವಾಡದಲ್ಲಿ ಹುಟ್ಟಿ ಬೆಳಗಾವಿಯನ್ನು ಕರ್ಮಭೂಮಿಯಾಗಿಸಿಕೊಂಡ ಅಣ್ಣಾಸಾಹೇಬ ಲಠ್ಠೆಯವರು, ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಈ ಚಳವಳಿಯ ಮುಂಚೂಣಿಯಲ್ಲಿದ್ದರು.

ಸಮಾಜದಂತೆಯೇ ಪತ್ರಿಕೆಯೂ ಸವಲತ್ತಿನ ಕ್ಷೇತ್ರ. ವೇದೋಕ್ತ ಪ್ರಕರಣದಲ್ಲಿ ಮರಾಠಿಯ ಪ್ರಬಲ ಪತ್ರಿಕೆಯಾದ ‘ಕೇಸರಿ’ ಮಹಾರಾಜರ ಬೇಡಿಕೆಯನ್ನು 1901ರಲ್ಲಿ ಅಗ್ರಲೇಖನಗಳಲ್ಲಿ ಟೀಕಿಸಿತು. ಬ್ರಿಟಿಷರ ಎದುರು ನಿರ್ಭಯವಾಗಿ ನಿಂತ ಆ ಲೇಖನಿ ಜಾತಿಯ ಪ್ರಶ್ನೆಯಲ್ಲಿ ಬೇರೆ ಪಕ್ಷದಲ್ಲಿತ್ತು. ಫುಲೆಯವರ ಅನುಯಾಯಿ ಕೃಷ್ಣರಾವ್ ಭಾಲೇಕರರು 1877ರಲ್ಲಿ ‘ದೀನಬಂಧು’ವನ್ನು ಆರಂಭಿಸಿದ್ದು, ಬಾಬಾಸಾಹೇಬ ಅಂಬೇಡ್ಕರರು 1920ರ ಜನವರಿ 31ರಂದು ‘ಮೂಕನಾಯಕ’ವನ್ನು ಹೊರತಂದದ್ದು ಇದೇ ಕಾರಣಕ್ಕೆ. ‘ಮೂಕನಾಯಕ’ಕ್ಕೆ ಶಾಹೂ ಮಹಾರಾಜರು 2500 ರೂಪಾಯಿ ನೆರವು ನೀಡಿದರು. ಅಮೆರಿಕದ ಕರಿಯರೂ ಇದಕ್ಕೆ ಒಂದು ಶತಮಾನದ ಹಿಂದೆ, 1827ರಲ್ಲಿ, ತಮ್ಮ ಮಾತನ್ನು ತಾವೇ ಆಡಬೇಕೆಂದು ನ್ಯೂಯಾರ್ಕಿನಲ್ಲಿ ‘ಫ್ರೀಡಮ್ಸ್ ಜರ್ನಲ್’ ಪತ್ರಿಕೆಯನ್ನು ತೆರೆದಿದ್ದರು. ಅಲ್ಲಿನ ಸರಕಾರವೇ ನೇಮಿಸಿದ ಕರ್ನರ್ ಆಯೋಗ 1968ರಲ್ಲಿ, ದೇಶದ ಪತ್ರಿಕೆಗಳು ಎಲ್ಲವನ್ನೂ ಬಿಳಿಯರ ಲೋಕದ ಕಿಟಕಿಯಿಂದಲೇ ನೋಡುತ್ತಿವೆ ಎಂಬ ಅರ್ಥದ ತೀರ್ಮಾನಕ್ಕೆ ಬಂದಿತು. ಸುದ್ದಿಯಲ್ಲಿ ಸುಳ್ಳು ಇರಬೇಕಾಗಿಲ್ಲ. ಯಾರ ನೋವು ಸುದ್ದಿಯಾಗುತ್ತದೆ, ಯಾರದು ಆಗುವುದಿಲ್ಲ ಎಂಬ ಆಯ್ಕೆಯಲ್ಲಿಯೇ ಸವಲತ್ತು ಅಡಗಿರುತ್ತದೆ.

ಬಣ್ಣ ಮತ್ತು ಜಾತಿ ಒಂದೇ ಅಲ್ಲ. ಕರಿಯರನ್ನು ಸಾಗರ ದಾಟಿಸಿ ಮಾರಲಾಯಿತು. ನಮ್ಮಲ್ಲಿ ನೆರೆಹೊರೆಯವರನ್ನೇ ಊರ ಹೊರಗೆ ಇರಿಸಲಾಯಿತು. ಅಲ್ಲಿ ಮುಖ ಹೇಳುತ್ತದೆ. ಇಲ್ಲಿ ಅಡ್ಡಹೆಸರು ಹೇಳುತ್ತದೆ. ಅಲ್ಲಿ ತುಳಿತಕ್ಕೊಳಗಾದವರು ಅಲ್ಪಸಂಖ್ಯರು, ಇಲ್ಲಿ ಬಹುಸಂಖ್ಯರು. ಆದರೂ ಎರಡು ಸವಲತ್ತುಗಳು ಹೇಗೆ ಕೈಕೈ ಹಿಡಿಯಬಲ್ಲವು ಎಂಬುದಕ್ಕೆ ಭಗತ್ ಸಿಂಗ್ ಥಿಂದ್ ಪ್ರಕರಣ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಈ ಪಂಜಾಬಿ, ತಾನು ಉಚ್ಚ ಜಾತಿಯ ಆರ್ಯನಾದುದರಿಂದ ಬಿಳಿಯನೆಂದೇ ಎಣಿಸಿ ನಾಗರಿಕತ್ವ ಕೊಡಬೇಕೆಂದು ವಾದಿಸಿದನು. 1923ರ ಫೆಬ್ರವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಒಂದು ಬಾಗಿಲಿನ ಕೀಲಿಯಿಂದ ಇನ್ನೊಂದು ಬಾಗಿಲು ತೆರೆಯಬಹುದೆಂಬ ಆಸೆ ಅಲ್ಲಿ ಮುರಿಯಿತು. ಇದಕ್ಕೆ ಎದುರಾದ ದಾರಿ ಅಂಬೇಡ್ಕರರದು: 1946ರಲ್ಲಿ ಅವರು ಡು ಬಾಯ್ಸರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಬಗೆಗೆ ವಿಚಾರಿಸಿದರು. ಇಂದು ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು ಬಣ್ಣದಿಂದಾಗಿ ತಿರಸ್ಕಾರಕ್ಕೆ ಗುರಿಯಾಗುತ್ತಲೇ, ಜಾತಿಯನ್ನು ತಮ್ಮ ಪೆಟ್ಟಿಗೆಯಲ್ಲಿಯೇ ಒಯ್ದಿದ್ದಾರೆಯೇ ಎಂಬ ಪ್ರಶ್ನೆ ಎದ್ದಿದೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರವು ಜಾತಿ ಆಧಾರಿತ ಭೇದವನ್ನು ಕಾನೂನಿನಿಂದ ನಿಷೇಧಿಸಿದ್ದು ಆ ಪ್ರಶ್ನೆಯ ಫಲ.

ನಮ್ಮ ಸೀಮೆಯ ಇತಿಹಾಸ ಎರಡು ಎಚ್ಚರಿಕೆಗಳನ್ನೂ ಕೊಡುತ್ತದೆ. ಮೊದಲನೆಯದು 1948ರ ಫೆಬ್ರವರಿಯದು. ಗಾಂಧೀಜಿಯ ಹತ್ಯೆ ಮಾಡಿದವನು ಬ್ರಾಹ್ಮಣನೆಂಬ ಕಾರಣಕ್ಕೆ ಸಾತಾರಾ, ಕೊಲ್ಲಾಪುರ, ಸಾಂಗಲಿಗಳಲ್ಲಿ ಬ್ರಾಹ್ಮಣರ ಮನೆ-ಮಾರುಗಳಿಗೆ ಬೆಂಕಿ ಬಿದ್ದಿತು. ಹತ್ಯೆಯ ಗಂಧವೂ ಇಲ್ಲದ ಬಡ ಭಟ್ಟನ ಮನೆಯೂ ಉರಿಯಿತು. ಎಷ್ಟೋ ಕುಟುಂಬಗಳು ಹಳ್ಳಿಗಳನ್ನು ತೊರೆದು ಪುಣೆಗೆ ಹೋದವು. ವ್ಯವಸ್ಥೆಯನ್ನು ಪ್ರಶ್ನಿಸಬೇಕಾದ ಮಾತು ವ್ಯಕ್ತಿಯ ಮೇಲಿನ ದ್ವೇಷವಾಗಿ ತಿರುಗಿದರೆ ಏನಾಗುತ್ತದೆ ಎಂಬುದನ್ನು ಈ ಊರುಗಳ ಹಿರಿಯರು ಕಣ್ಣಾರೆ ಕಂಡಿದ್ದರು. ಶಾಹೂ ಮಹಾರಾಜರು ಬಲಿಷ್ಠ ಕುದುರೆಯನ್ನು ಕೊಲ್ಲಲು ಹೇಳಿರಲಿಲ್ಲ, ಬಡ ಕುದುರೆಗೆ ಬೇರೆ ಪಾಲು ಇಡಲು ಹೇಳಿದ್ದರು.

ಎರಡನೆಯ ಎಚ್ಚರಿಕೆ ನಮಗೆ ಇನ್ನೂ ಹತ್ತಿರದ್ದು. 1902ರಲ್ಲಿ ಹಿಂದೆ ನಿಂತಿದ್ದ ಕುದುರೆಗಳಲ್ಲಿ ಕೆಲವು ಇಂದು ಪುಷ್ಟವಾಗಿವೆ. ಶಿಕ್ಷಣ ಸಂಸ್ಥೆ, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ವಿಧಾನಸಭೆ ಇವೆಲ್ಲ ಆಗಿನ ಹಿಂದುಳಿದವರಲ್ಲಿ ಮುಂದುವರಿದವರ ಕೈಸೇರಿವೆ. ಶಾಹೂ ಮಹಾರಾಜರು ತೆರೆದ ಮರಾಠಾ, ಜೈನ, ಲಿಂಗಾಯತ ವಸತಿಗೃಹಗಳಲ್ಲಿ ಉಂಡು ಓದಿದವರ ಮೊಮ್ಮಕ್ಕಳು, ಇಂದು ಯೋಗ್ಯತೆಯ ಮಾತನ್ನು ಅಭ್ಯಂಕರರಂತೆಯೇ ಆಡುವುದನ್ನು ನಾವು ಕೇಳುತ್ತೇವೆ. ಅವರಿಗಿಂತ ಕೆಳಗೆ ನಿಂತ ದಲಿತನು, ಅಲೆಮಾರಿಯು ಅದೇ ಲಾಯದ ಕಥೆಯನ್ನು ಅವರಿಗೆ ತಿರುಗಿ ಹೇಳುತ್ತಿದ್ದಾನೆ. ಸವಲತ್ತು ಒಂದೇ ಮನೆಯಲ್ಲಿ ಕೂಡುವ ವಸ್ತುವಲ್ಲ. ಹಾಗೆಂದೇ ಪ್ರತಿ ತಲೆಮಾರೂ ಲೆಕ್ಕವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಈ ವಿಷಯ ಅರ್ಥವಾಗುವುದು ಕಠಿಣವಲ್ಲ. 1948ರ ಮಾರ್ಚ್‌ನಲ್ಲಿ ಸಾಂಗಲಿ ಸಂಸ್ಥಾನ ವಿಲೀನಗೊಂಡಿತು, 1956ರಲ್ಲಿ ಭಾಷೆಯ ಮೇಲೆ ಪ್ರಾಂತಗಳಾದವು. ಶಿರಹಟ್ಟಿ, ತೇರದಾಳಗಳು ಕರ್ನಾಟಕದಲ್ಲಿ ಉಳಿದವು, ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಈಚೆಗೆ ಉಳಿದವು. ಕಚೇರಿಯ ಕಾಗದ, ಪರೀಕ್ಷೆಯ ಪ್ರಶ್ನೆ, ಆಸ್ಪತ್ರೆಯ ಫಲಕ ಎಲ್ಲವೂ ಮರಾಠಿಯಲ್ಲಿರುವಾಗ, ಮರಾಠಿ ಬಂಧುವಿಗೆ ಅದರಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ. ಜತ್ತದ ಕನ್ನಡ ಶಾಲೆಯ ಹುಡುಗನಿಗೆ ಕಾಣುತ್ತದೆ. ಅವರು ನಮ್ಮ ಶತ್ರುಗಳಲ್ಲ. ಅವರಿಗೆ ಅದು ತೋಚುವುದಿಲ್ಲ, ಅಷ್ಟೇ. ಹಾಗಾದರೆ ನಮಗೆ ತೋಚದಿರುವುದು ಯಾವುದು? ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕರಂಥವರು ಪಾಠ ಹೇಳಿದ ವಿಲಿಂಗ್ಡನ್ ಕಾಲೇಜಿನ ಈ ನೆಲದಲ್ಲಿ ಕನ್ನಡದ ಅಭಿಮಾನಕ್ಕೆ ಕೊರತೆಯಿಲ್ಲ. ಆದರೆ ನಮ್ಮ ಕನ್ನಡ ಸಂಘಗಳ ವೇದಿಕೆಯ ಮೇಲೆ ಯಾರ ಅಡ್ಡಹೆಸರುಗಳು ಮತ್ತೆ ಮತ್ತೆ ಬರುತ್ತವೆ, ಯಾರು ಕುರ್ಚಿ ಹಾಕಿ ಹೊರಗೆ ನಿಲ್ಲುತ್ತಾರೆ, ಸ್ಮರಣ ಸಂಚಿಕೆಗಳಲ್ಲಿ ಯಾರ ಓಣಿಯ ಕನ್ನಡ ಇನ್ನೂ ಅಚ್ಚಾಗಿಲ್ಲ ಎಂದು ಕೇಳಿಕೊಂಡರೆ, ಅಮೆರಿಕದ ಚರ್ಚೆ ದೂರದ್ದೆನಿಸುವುದಿಲ್ಲ.

ಲಾಯದಿಂದ ಹೊರಬಂದ ಮೇಲೆ ಅಭ್ಯಂಕರರು ಏನನ್ನೂ ಹೇಳದೆ ತಲೆ ತಗ್ಗಿಸಿದರೆಂದು ಕಥೆ ಹೇಳುವವರು ಮುಗಿಸುತ್ತಾರೆ. ತಲೆ ತಗ್ಗಿಸಿದ್ದು ಸೋಲಿಗಾಗಿ ಎಂದು ತಿಳಿಯಬೇಕಾಗಿಲ್ಲ. ತಾನು ನಿಂತ ಮೆಟ್ಟಿಲನ್ನು ನೋಡಬೇಕಾದರೆ ಯಾರಾದರೂ ಒಮ್ಮೆ ಕೆಳಗೆ ನೋಡಲೇಬೇಕು.